ವರ್ಣ, ಲಿಂಗ ಮತ್ತು ಅಧ್ಯಕ್ಷಪೀಠ

ಕನ್ನಡ ವ್ಯಾಕರಣವನ್ನು ಕಲಿಯತೊಡಗಿದವನಿಗೆ ಮೊದಲ ದಿನ ಎದುರಾಗುವುದು ವರ್ಣ. ಸಂಧಿಗಳನ್ನು ದಾಟಿ ನಾಮಪದಕ್ಕೆ ಬಂದೊಡನೆ ಎದುರಾಗುವುದು ಲಿಂಗ. ಕೇಶಿರಾಜನ ಕ್ರಮವೂ ಹೆಚ್ಚುಕಡಿಮೆ ಇದೇ. ಇಪ್ಪತ್ತು ವರ್ಷಗಳಿಂದ ಈ ಎರಡು ಮಾತುಗಳನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದಿರುವ ನನಗೆ, ಅವೇ ಎರಡೂ ದೂರದ ಒಂದು ಪ್ರಜಾರಾಜ್ಯದ ಅಧ್ಯಕ್ಷಪೀಠದ ಬಾಗಿಲಲ್ಲಿ ಜಯವಿಜಯರಂತೆ ಕಾವಲು ನಿಂತಿರುವುದನ್ನು ಕಂಡರೆ ಕುತೂಹಲವಾಗುತ್ತದೆ. ವರ್ಣವೆಂದರೆ ನಮ್ಮಲ್ಲಿ ಅಕ್ಷರ. ಬಣ್ಣವೂ ಹೌದು, ಜಾತಿಯೂ ಹೌದು. ಲಿಂಗದ ಮಾತಿಗೆ ಬಂದರೆ ಕನ್ನಡವು ಸಂಸ್ಕೃತಕ್ಕಿಂತ ನೇರ. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ, ‘ಭಾರ್ಯಾ’ ಮಾತ್ರ ಸ್ತ್ರೀಲಿಂಗ. ಕನ್ನಡ ಶಬ್ದದ ರೂಪವನ್ನು ನೋಡದೆ ಅರ್ಥವನ್ನು ನೋಡುತ್ತದೆ. ಹೆಣ್ಣನ್ನು ಹೆಣ್ಣೆಂದೇ ಬಗೆಯುತ್ತದೆ. ಬಗೆದ ಮೇಲೆ ಯಾವ ಪೀಠದಲ್ಲಿ ಕೂರಿಸುತ್ತದೆ ಎಂಬುದು ವ್ಯಾಕರಣದ ವಿಷಯವಲ್ಲ.

ಒಂದು ದೇಶದ ಅಧ್ಯಕ್ಷರನ್ನು ಆರಿಸುವಾಗ ಆ ವ್ಯಕ್ತಿಯ ಮೈಬಣ್ಣ ಯಾವುದು, ಹೆಣ್ಣೋ ಗಂಡೋ ಎಂಬುದನ್ನು ಮತದಾರನು ಗಣಿಸಬೇಕೆ? ತರಗತಿಯಲ್ಲಿ ಕೇಳಿದರೆ ಉತ್ತರ ತಡವಾಗುವುದಿಲ್ಲ. ಕೂಡದು, ಯೋಗ್ಯತೆಯೊಂದನ್ನೇ ನೋಡಬೇಕು, ಮಿಕ್ಕದ್ದೆಲ್ಲ ಹುಟ್ಟಿನ ಆಕಸ್ಮಿಕ. ಈ ಉತ್ತರ ತಪ್ಪೆಂದು ಯಾರು ಹೇಳಿಯಾರು? ಆದರೆ ಇಷ್ಟು ಬೇಗ ಒದಗಿಬರುವ ಉತ್ತರದ ಮೇಲೆ ನನಗೆ ಸ್ವಲ್ಪ ಗುಮಾನಿ. ಇತಿಹಾಸವನ್ನು ತಿರುವಿ ನೋಡಿದರೆ ಗುಮಾನಿ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗ 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾಯಿತು. ಅಧ್ಯಕ್ಷನಾಗುವವನಿಗೆ ಅದು ವಿಧಿಸುವ ಅರ್ಹತೆಗಳು ಮೂರೇ: ಆತ ಹುಟ್ಟಿನಿಂದ ಆ ದೇಶದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ನಾಡಿನಲ್ಲಿ ನೆಲೆಸಿರಬೇಕು. ಬಿಳಿಯನಾಗಿರಬೇಕೆಂದು ಅದರಲ್ಲಿಲ್ಲ, ಗಂಡಸಾಗಿರಬೇಕೆಂದೂ ಇಲ್ಲ. ಗುಟ್ಟನ್ನು ಬಿಟ್ಟುಕೊಡುವುದು ಸರ್ವನಾಮವೊಂದೇ. ಅಧ್ಯಕ್ಷನ ಅಧಿಕಾರವನ್ನು ವರ್ಣಿಸುವಾಗಲೆಲ್ಲ ಆ ಲೇಖವು ‘ಅವನು’, ‘ಅವನ’ ಎಂದೇ ಬರೆಯುತ್ತದೆ. (ನಮ್ಮ ಗೌರವ ಬಹುವಚನದ ಉಪಕಾರವನ್ನು ಇಲ್ಲಿ ನೆನೆಯಬೇಕು. ‘ಅಧ್ಯಕ್ಷರು ಬಂದರು’ ಎಂದರೆ ಸಾಕು, ಬಂದವರು ಗಂಡೋ ಹೆಣ್ಣೋ ವಾಕ್ಯ ಹೇಳುವುದಿಲ್ಲ. ಮರ್ಯಾದೆ ಕೊಟ್ಟ ಮರುಗಳಿಗೆಯಲ್ಲಿ ಕನ್ನಡ ಲಿಂಗವನ್ನು ಮರೆಯುತ್ತದೆ.) 1789ರಲ್ಲಿ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಂದಿನಿಂದ 2009ರ ಜನವರಿಯವರೆಗೆ ಆ ಪೀಠದಲ್ಲಿ ಕುಳಿತವರೆಲ್ಲರೂ ಬಿಳಿಯ ಗಂಡಸರೇ. ಎಂದರೆ, ಎರಡು ಶತಮಾನಕ್ಕೂ ಮೀರಿ ವರ್ಣ ಲಿಂಗಗಳ ಗಣನೆ ಅಲ್ಲಿ ನಡೆದೇ ಇತ್ತು. ಎಷ್ಟು ಸಹಜವಾಗಿ ನಡೆದಿತ್ತೆಂದರೆ ಯಾರಿಗೂ ಅದು ಗಣನೆಯೆಂದೇ ತೋರಲಿಲ್ಲ. ಅವನ್ನು ಗಣಿಸಬಾರದೆಂಬ ಉಪದೇಶ ಗಟ್ಟಿಯಾಗಿ ಕೇಳಿಬಂದದ್ದು ಬೇರೆ ಬಣ್ಣದವರೂ ಹೆಂಗಸರೂ ಬಂದು ಬಾಗಿಲು ತಟ್ಟಿದ ಮೇಲೆ.

ಬಾಗಿಲು ತಟ್ಟಿದವರೊಳಗೇ ಜಗಳ ಹುಟ್ಟಿದ್ದು ಈ ಕಥೆಯ ದುಃಖದ ಅಧ್ಯಾಯ. ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ತನ್ನ ವಾಗ್ಮಿತೆಯಿಂದ ಒಂದು ಖಂಡವನ್ನೇ ಅಲುಗಿಸಿದವನು. 1848ರಲ್ಲಿ ಸೆನೆಕಾ ಫಾಲ್ಸ್ ಊರಿನಲ್ಲಿ ಮೊದಲ ಮಹಿಳಾ ಹಕ್ಕುಗಳ ಸಮಾವೇಶ ಸೇರಿದಾಗ, ಹೆಂಗಸರಿಗೆ ಮತಾಧಿಕಾರ ಬೇಕೆಂಬ ನಿರ್ಣಯಕ್ಕೆ ಅಲ್ಲಿದ್ದವರೇ ಹಿಂದುಮುಂದು ನೋಡುತ್ತಿರಲು, ಎಲಿಜಬೆತ್ ಕೇಡಿ ಸ್ಟಾಂಟನ್ನಳ ಬೆಂಬಲಕ್ಕೆ ಎದ್ದು ನಿಂತವನು ಇದೇ ಡಗ್ಲಸ್. ಇಪ್ಪತ್ತೊಂದು ವರ್ಷ ಕಳೆದು 1869ರ ಮೇ ತಿಂಗಳಲ್ಲಿ ಅದೇ ಇಬ್ಬರು ನ್ಯೂಯಾರ್ಕಿನ ಸಭೆಯೊಂದರಲ್ಲಿ ಎದುರುಬದುರಾದರು. ರಾಜ್ಯಾಂಗದ 15ನೆಯ ತಿದ್ದುಪಡಿ ಆಗ ಜನರ ಮುಂದಿತ್ತು. ಜನಾಂಗ, ಬಣ್ಣ, ಹಿಂದಿನ ದಾಸ್ಯ ಇವುಗಳ ಕಾರಣದಿಂದ ಯಾರಿಗೂ ಮತವನ್ನು ನಿರಾಕರಿಸಕೂಡದೆಂದು ಅದು ಹೇಳುತ್ತಿತ್ತು. ಲಿಂಗದ ಮಾತನ್ನು ಎತ್ತಿರಲಿಲ್ಲ. ಸ್ಟಾಂಟನ್ನಳೂ ಸೂಸನ್ ಆಂಥನಿಯೂ ಅದನ್ನು ವಿರೋಧಿಸಿದರು. ಆ ವಿರೋಧದ ಬಿಸಿಯಲ್ಲಿ ಸ್ಟಾಂಟನ್ನಳ ಬಾಯಿಂದ, ಆಗತಾನೆ ಬಿಡುಗಡೆಯಾದ ಜನರ ವಿಷಯದಲ್ಲಿ ಇಂದು ಓದಿದರೂ ಮುಖ ಸಿಂಡರಿಸುವಂಥ ಮಾತುಗಳು ಬಂದವು. ಡಗ್ಲಸ್ ಉತ್ತರ ಕೊಟ್ಟ. ಹೆಂಗಸರನ್ನು ಹೆಂಗಸರೆಂಬ ಕಾರಣಕ್ಕಾಗಿ ಮನೆಯಿಂದ ಎಳೆದುತಂದು ದೀಪದ ಕಂಬಕ್ಕೆ ನೇಣು ಹಾಕುವ ಕಾಲ ಬಂದಾಗ ಅವರಿಗೂ ಮತಾಧಿಕಾರ ನಮ್ಮಷ್ಟೇ ತುರ್ತಾಗುತ್ತದೆ ಎಂಬುದು ಆ ಉತ್ತರದ ಸಾರ. ಕಪ್ಪು ಹೆಂಗಸಿನ ಪಾಡೂ ಅದೇ ಅಲ್ಲವೆ ಎಂದು ಸಭೆಯಿಂದ ಯಾರೋ ಕೂಗಿದರು. ಹೌದು, ಆದರೆ ಅದು ಅವಳು ಹೆಂಗಸೆಂದಲ್ಲ, ಕಪ್ಪಗಿದ್ದಾಳೆಂದು, ಎಂದ ಡಗ್ಲಸ್.

ಈ ಪ್ರಶ್ನೋತ್ತರವನ್ನು ನಾನು ಹಲವು ಸಲ ಓದಿದ್ದೇನೆ. ಎರಡೂ ಕಡೆಯವರ ವಾದದಲ್ಲಿ ನೋವು ಇದೆ, ಸತ್ಯವೂ ಇದೆ. ಆದರೆ ಒಬ್ಬರು ವರ್ಣವನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಇನ್ನೊಬ್ಬರು ಲಿಂಗವನ್ನು ಇನ್ನೊಂದು ತಟ್ಟೆಗೆ ಹಾಕಿ ಯಾವುದು ಭಾರವೆಂದು ನೋಡುತ್ತಿರುವಾಗ, ಎರಡೂ ತಟ್ಟೆಗಳಲ್ಲಿ ಒಂದೊಂದು ಕಾಲಿಟ್ಟು ನಿಂತವಳೊಬ್ಬಳು ಇದ್ದಳು.  ಆ ಸಂಘ ಅಲ್ಲಿಗೆ ಒಡೆಯಿತು. ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ಹೆಂಗಸರ ಮತಾಧಿಕಾರ ರಾಜ್ಯಾಂಗವನ್ನು ಸೇರಲು 1920ರವರೆಗೆ ಕಾಯಬೇಕಾಯಿತು. ದಕ್ಷಿಣದ ಕಪ್ಪು ಹೆಂಗಸರು ನಿಜವಾಗಿ ಮತಗಟ್ಟೆಗೆ ಹೋಗಲು 1965ರ ಕಾಯಿದೆಯೇ ಬೇಕಾಯಿತು.

1872ರಲ್ಲೊಂದು ವಿಚಿತ್ರ ನಡೆಯಿತು. ವಿಕ್ಟೋರಿಯಾ ವುಡ್‌ಹಲ್ ಎಂಬ ಸಾಹಸಗಾರ್ತಿ ಅಧ್ಯಕ್ಷ ಪದವಿಗೆ ಉಮೇದುವಾರಳಾಗಿ ನಿಂತಳು. ಅವಳ ಪಕ್ಷ ಉಪಾಧ್ಯಕ್ಷ ಸ್ಥಾನಕ್ಕೆ ಡಗ್ಲಸನ ಹೆಸರನ್ನು ಸಾರಿತು. ಆತ ಅದನ್ನು ಗಮನಿಸಿದಂತೆಯೇ ತೋರಿಸಿಕೊಳ್ಳಲಿಲ್ಲ. ಚುನಾವಣೆಯ ದಿನ ಅವಳು ಅಶ್ಲೀಲ ಪ್ರಕಟಣೆಯ ಆಪಾದನೆಯ ಮೇಲೆ ಸೆರೆಮನೆಯಲ್ಲಿದ್ದಳು. ಅವಳಿಗೆ 35 ವರ್ಷ ತುಂಬಿರಲಿಲ್ಲ. ಬರೆದಿಟ್ಟ ನಿಯಮದಂತೆ ಆಕ್ಷೇಪಣೆಗೆ ಇದ್ದ ಆಸ್ಪದ ಇದೊಂದೇ. ಜನ ಆಡಿಕೊಂಡದ್ದು ಬರೆಯದ ನಿಯಮದ ಮಾತನ್ನು.

ಈಗ ಸರಿಯಾಗಿ ನೂರು ವರ್ಷ ಮುಂದಕ್ಕೆ ಬರೋಣ. 1972ರ ಜನವರಿ 25ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಚರ್ಚಿನಲ್ಲಿ ಶರ್ಲಿ ಚಿಸಮ್ ಎಂಬಾಕೆ ಡೆಮೊಕ್ರಾಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗೆ ತಾನು ಸ್ಪರ್ಧಿಸುವುದಾಗಿ ಸಾರಿದಳು. ತಂದೆ ಬ್ರಿಟಿಷ್ ಗಯಾನಾದಿಂದ, ತಾಯಿ ಬಾರ್ಬಡೋಸಿನಿಂದ ಬಂದವರು. ತಂದೆ ಕಾರ್ಖಾನೆಯ ಕೂಲಿ. ತಾಯಿ ಬಟ್ಟೆ ಹೊಲಿದು, ಪರರ ಮನೆಗೆಲಸ ಮಾಡಿ ಮಕ್ಕಳನ್ನು ಬೆಳೆಸಿದವಳು. ಮಗಳು ಓದಿ ಶಿಶುವಿಹಾರದ ಉಪಾಧ್ಯಾಯಿನಿಯಾದಳು. 1968ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿಬಂದ ಮೊದಲ ಕಪ್ಪು ಮಹಿಳೆ ಆಕೆಯೇ. ಸಭೆಯ ಹಿರಿಯರು ಇಟ್ಟಿಗೆ ಗಾರೆಗಳ ಕ್ಷೇತ್ರದಿಂದ ಬಂದ ಈ ಪ್ರತಿನಿಧಿಯನ್ನು ಕೃಷಿ ಸಮಿತಿಗೆ ಹಾಕಿದರು. ಹೊಸಬರು ತೆಪ್ಪಗಿರುವುದು ಅಲ್ಲಿನ ಸಂಪ್ರದಾಯ. ಈಕೆ ತೆಪ್ಪಗಿರಲಿಲ್ಲ, ಪ್ರತಿಭಟಿಸಿ, ನಿವೃತ್ತ ಸೈನಿಕರ ವ್ಯವಹಾರ ಸಮಿತಿಗೆ ಬದಲಾಯಿಸಿಕೊಂಡಳು. ತನ್ನ ಕ್ಷೇತ್ರದಲ್ಲಿ ಮರಗಳಿಗಿಂತ ಮಾಜಿ ಸಿಪಾಯಿಗಳೇ ಹೆಚ್ಚು ಎಂದು ಚಟಾಕಿ ಹಾರಿಸಿದಳಂತೆ.

ಆ ದಿನದ ಘೋಷಣೆಯಲ್ಲಿ ಆಕೆ ಹೇಳಿದ ಮಾತು ವಿಖ್ಯಾತವಾದದ್ದು. ತಾನು ಕಪ್ಪು ಜನಾಂಗದವಳಾದರೂ, ಅದರ ಹೆಮ್ಮೆ ತನಗಿದ್ದರೂ, ಕಪ್ಪು ಅಮೆರಿಕದ ಉಮೇದುವಾರಳಲ್ಲ. ಹೆಂಗಸಾದರೂ, ಅದರ ಹೆಮ್ಮೆ ಅಷ್ಟೇ ಇದ್ದರೂ, ಮಹಿಳಾ ಚಳವಳಿಯ ಉಮೇದುವಾರಳಲ್ಲ. ಇಡೀ ಅಮೆರಿಕದ ಜನತೆಯ ಉಮೇದುವಾರಳು ಎಂಬುದು ಅದರ ತಾತ್ಪರ್ಯ. ಭಾಷೆಯ ಮೇಷ್ಟರಾದ ನನ್ನ ಕಣ್ಣು ಇಲ್ಲಿ ‘ಆದರೂ’ ಎಂಬ ಮಾತಿನ ಮೇಲೆ ನಿಲ್ಲುತ್ತದೆ. 1960ರಲ್ಲಿ ಕೆನಡಿಯವರೂ ಇದೇ ವಾಕ್ಯದ ಅಚ್ಚಿನಲ್ಲಿ, ತಾವು ಕ್ಯಾಥೊಲಿಕ್ ಪಂಥದವರಾದರೂ ಕ್ಯಾಥೊಲಿಕ್ ಉಮೇದುವಾರರಲ್ಲವೆಂದು ಹ್ಯೂಸ್ಟನ್ನಿನಲ್ಲಿ ಪಾದ್ರಿಗಳ ಮುಂದೆ ಹೇಳಬೇಕಾಯಿತು. ತಾನು ಬಿಳಿಯನಾದರೂ ಬಿಳಿಯರ ಉಮೇದುವಾರನಲ್ಲ, ಗಂಡಸಾದರೂ ಗಂಡಸರ ಉಮೇದುವಾರನಲ್ಲ ಎಂದು ವಾಷಿಂಗ್ಟನ್ನನಾಗಲಿ ಲಿಂಕನ್ನನಾಗಲಿ ಆಣೆಯಿಟ್ಟು ಹೇಳಬೇಕಾಗಿ ಬಂತೆ? ಹೊರಗಿನವರೆನಿಸಿಕೊಂಡವರು ಒಳಗೆ ಕಾಲಿಡುವಾಗ ತೆರಬೇಕಾದ ಸುಂಕ ಈ ‘ಆದರೂ’. ಒಳಗೇ ಹುಟ್ಟಿದವರಿಗೆ ಸುಂಕದ ಕಟ್ಟೆ ಇದೆಯೆಂಬುದೂ ತಿಳಿಯದು.

ಚಿಸಮ್ಮಳಿಗೆ ಸುಂಕ ತೆತ್ತರೂ ದಾರಿ ಸಿಕ್ಕಲಿಲ್ಲ. ಕಪ್ಪು ನಾಯಕರಲ್ಲಿ ಬಹುಮಂದಿ, ಗಂಡಸೊಬ್ಬ ನಿಲ್ಲಬೇಕಾದ ಕಡೆ ಈಕೆ ನಿಂತಳೆಂದು ಮುಖ ತಿರುಗಿಸಿದರು. ಮಹಿಳಾ ಚಳವಳಿಯ ಹೆಸರಾಂತ ನಾಯಕಿಯರು ಬಾಯಲ್ಲಿ ಹೊಗಳಿ, ಬೆಂಬಲಕ್ಕೆ ಕೈಯೆತ್ತುವಾಗ ಗೆಲ್ಲುವ ಕುದುರೆಯ ಕಡೆ ನೋಡಿದರು. ಜುಲೈಯಲ್ಲಿ ಮಯಾಮಿ ಬೀಚಿನಲ್ಲಿ ಪಕ್ಷದ ಮಹಾಧಿವೇಶನ ನಡೆದಾಗ ಆಕೆಗೆ ಬಂದ ಪ್ರತಿನಿಧಿ ಮತಗಳು 152. ಕಪ್ಪು ಬಣ್ಣಕ್ಕಿಂತ ಹೆಣ್ಣುತನವೇ ರಾಜಕೀಯದಲ್ಲಿ ತನಗೆ ಹೆಚ್ಚು ಅಡ್ಡಿಯಾಯಿತೆಂದು ಆಕೆ ಮುಂದೆ ಅನೇಕ ಸಲ ಹೇಳಿದಳು. 1869ರಲ್ಲಿ ಸಭೆಯ ಮಧ್ಯದಿಂದ ಎದ್ದ ಪ್ರಶ್ನೆಗೆ ನೂರ ಮೂರು ವರ್ಷ ತಡವಾಗಿ, ತಾನೇ ಆ ಹೆಂಗಸಾಗಿದ್ದವಳು ಕೊಟ್ಟ ಉತ್ತರವಿದು. ಡಗ್ಲಸ್ ಕೊಟ್ಟ ಉತ್ತರಕ್ಕೆ ಇದು ತೀರ ಎದುರಾದದ್ದು.

ಅಭಿಪ್ರಾಯ ಸಂಗ್ರಹಿಸುವ ಗ್ಯಾಲಪ್ ಸಂಸ್ಥೆಯವರು 1937ರಲ್ಲಿ ಅಮೆರಿಕನ್ನರಿಗೆ ಒಂದು ಪ್ರಶ್ನೆ ಹಾಕಿದ್ದರು. ‘ಮಿಕ್ಕ ಎಲ್ಲ ವಿಷಯಗಳಲ್ಲಿ ಅರ್ಹಳಾಗಿದ್ದರೆ’ ಒಬ್ಬ ಹೆಂಗಸಿಗೆ ಅಧ್ಯಕ್ಷ ಪದವಿಗಾಗಿ ವೋಟು ಕೊಡುವಿರಾ ಎಂದು. ಕೊಡುತ್ತೇವೆಂದವರು ಮೂರರಲ್ಲಿ ಒಂದು ಪಾಲು. ಅಂಕಿಗಿಂತ ಪ್ರಶ್ನೆಯ ಒಕ್ಕಣೆ ನನಗೆ ಸ್ವಾರಸ್ಯವಾಗಿ ತೋರುತ್ತದೆ. ‘ಮಿಕ್ಕ ಎಲ್ಲ ವಿಷಯಗಳಲ್ಲಿ’ ಎಂದರೆ ಹೆಂಗಸಾಗಿರುವುದೊಂದು ಕೊರತೆ ಎಂದು ಪ್ರಶ್ನೆಯೇ ಒಪ್ಪಿಕೊಂಡಂತಾಯಿತು. 1958ರಲ್ಲಿ ಕಪ್ಪು ಉಮೇದುವಾರನ ವಿಷಯ ಕೇಳಿದಾಗ ಒಪ್ಪಿದವರು ನೂರಕ್ಕೆ ನಲವತ್ತನ್ನು ಮುಟ್ಟಲಿಲ್ಲ. ಹೊಸ ಶತಮಾನ ಬರುವ ಹೊತ್ತಿಗೆ ಎರಡು ಪ್ರಶ್ನೆಗಳಿಗೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಒಪ್ಪಿಗೆ ಹೇಳುತ್ತಿದ್ದರು. ಪ್ರಶ್ನೆ ಕೇಳುವವನಿಗೆ ಹೇಳುವ ಉತ್ತರ ಬೇರೆ, ಪರದೆಯ ಹಿಂದೆ ಹಾಕುವ ಗುರುತು ಬೇರೆ ಎನ್ನುವವರಿಗೆ ನಾನು ಎದುರು ಹೇಳಲಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿ ಸಂಘಗಳಲ್ಲಿಯೂ ‘ಪ್ರತಿನಿಧಿ’ ಎಂದೊಂದು ಸ್ಥಾನ, ‘ಮಹಿಳಾ ಪ್ರತಿನಿಧಿ’ ಎಂದೊಂದು ಸ್ಥಾನ ಇರುವುದುಂಟು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಸೂಚನಾ ಫಲಕದ ಮುಂದೆ ನಿಂತು, “ಮೊದಲನೆಯದಕ್ಕೆ ‘ಗಂಡು ಪ್ರತಿನಿಧಿ’ ಅಂತ ಯಾಕೆ ಬರೆದಿಲ್ಲ ಸಾರ್?” ಎಂದು ಕೇಳಿದಳು. ವಿಶೇಷಣ ಎಲ್ಲಿ ಬೀಳುತ್ತದೆಂಬುದನ್ನು ನಾನು ಪಾಠದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಅವಳು ಕಂಡಿದ್ದಳು.

2008ರಲ್ಲಿ ಡೆಮೊಕ್ರಾಟಿಕ್ ಪಕ್ಷದೊಳಗೆ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮಾ ಎದುರಾಳಿಗಳಾದಾಗ ಹಳೆಯ ತಕ್ಕಡಿ ಮತ್ತೆ ಹೊರಬಂತು. ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್, ಅಮೆರಿಕದ ಬಾಳಿನಲ್ಲಿ ಬಹುಶಃ ಎಲ್ಲಕ್ಕಿಂತ ಬಿಗಿಯಾದ ಕಟ್ಟು ಲಿಂಗದ್ದೇ ಎಂದು ಪತ್ರಿಕೆಯಲ್ಲಿ ಬರೆದರು. 1984ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಜೆರಾಲ್ಡಿನ್ ಫೆರಾರೊ ಅವರು, ಒಬಾಮಾ ಬಿಳಿಯ ಗಂಡಸಾಗಿದ್ದರೆ ಈ ಎತ್ತರಕ್ಕೆ ಬರುತ್ತಿರಲಿಲ್ಲ ಎಂದು ಹೇಳಿ ಕೋಲಾಹಲ ಎಬ್ಬಿಸಿದರು. ತಾವೂ ಗಂಡಸಾಗಿದ್ದಿದ್ದರೆ 1984ರಲ್ಲಿ ತಮ್ಮನ್ನು ಯಾರೂ ಆರಿಸುತ್ತಿರಲಿಲ್ಲ ಎಂದು ಆಕೆ ಸೇರಿಸಿದ್ದುಂಟು. ಆ ಮಾತು ಪ್ರಾಮಾಣಿಕವಾದದ್ದು. ಜನ ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರ್ಚ್ ತಿಂಗಳಲ್ಲಿ ಆಕೆ ಕ್ಲಿಂಟನ್ನರ ಪ್ರಚಾರ ಸಮಿತಿಯಿಂದ ಹೊರಬಂದರು.

ಈ ಗದ್ದಲದ ನಡುವೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಮುಖ್ಯವಾದದ್ದು ಒಂದು ಕಾಗದ. 1993ರಲ್ಲಿ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ್ತಿ ಟೋನಿ ಮಾರಿಸನ್ 2008ರ ಜನವರಿಯಲ್ಲಿ ಒಬಾಮಾರಿಗೆ ಬರೆದು ತಮ್ಮ ಬೆಂಬಲ ತಿಳಿಸಿದರು. ಅವರು ಹೆಣ್ಣು; ಕಪ್ಪು ಜನಾಂಗದವರು; ಎರಡು ಕಡೆಯವರಿಗೂ ಅವರ ಮೇಲೆ ಹಕ್ಕಿತ್ತು. ಮಾರಿಸನ್ ಎರಡು ಹಕ್ಕನ್ನೂ ತಳ್ಳಿಹಾಕಿದರು. ಹೆಮ್ಮೆ ತರಬಹುದೆಂಬ ಒಂದೇ ಕಾರಣಕ್ಕೆ ತಾವು ಬೆಂಬಲಿಸುತ್ತಿಲ್ಲವೆಂದೂ, ವಯಸ್ಸು, ಅನುಭವ, ಜನಾಂಗ, ಲಿಂಗ ಇವಾವುದಕ್ಕೂ ಸಂಬಂಧಿಸದ ಒಂದು ಗುಣವನ್ನು, ಸೃಜನಶೀಲ ಕಲ್ಪನೆಯನ್ನು, ಈ ಉಮೇದುವಾರರಲ್ಲಿ ಕಂಡೆನೆಂದೂ ಬರೆದರು. ಬುದ್ಧಿಯೊಡನೆ ಅದು ಕೂಡಿದರೆ ವಿವೇಕವಾಗುತ್ತದೆಂಬುದು ಅವರ ಅಭಿಪ್ರಾಯ.

ಅಧ್ಯಕ್ಷನಿಗೆ ಬೇಕಾದ ಅರ್ಹತೆಗಳಲ್ಲಿ ಕಲ್ಪನಾಶಕ್ತಿಯನ್ನು ಎಣಿಸುವುದು ಕಾದಂಬರಿಕಾರ್ತಿಗೆ ಮಾತ್ರ ಹೊಳೆಯುವ ವಿಷಯ. ಪರಕಾಯ ಪ್ರವೇಶ ಕವಿಗೆ ಎಷ್ಟು ಬೇಕೋ ಆಳುವವನಿಗೂ ಅಷ್ಟು ಬೇಕು. ಆದರೂ ಹಿರಿಯ ಲೇಖಕಿಯೊಡನೆ ಒಂದು ಕಡೆ ನನ್ನ ಮನಸ್ಸು ತಗಾದೆ ಹೂಡುತ್ತದೆ. ಈ ಕಲ್ಪನೆ ಎಲ್ಲಿಂದ ಬಂತು? ಒಬಾಮಾರ ತಂದೆ ಕೀನ್ಯಾದವರು, ತಾಯಿ ಕಾನ್ಸಾಸಿನ ಬಿಳಿಯ ಮನೆತನದವರು; ಬಾಲ್ಯ ಕಳೆದದ್ದು ಹವಾಯಿಯಲ್ಲಿ, ಇಂಡೊನೇಷ್ಯದಲ್ಲಿ. ಎರಡು ಮನೆಗಳ ಹೊಸ್ತಿಲಲ್ಲಿ ನಿಂತ ಹುಡುಗ ತಾನು ಯಾರೆಂದು ಕೇಳಿಕೊಳ್ಳುತ್ತ ಬೆಳೆದ ಕಥೆಯನ್ನು ಅವರೇ 1995ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಆ ಹೊಸ್ತಿಲನ್ನು ಕಿತ್ತು ಹಾಕಿದರೆ ಕಲ್ಪನೆ ಉಳಿಯುತ್ತಿತ್ತೆ? ಮುಂಬಾಗಿಲಿನಿಂದ ಕಳುಹಿಸಿಕೊಟ್ಟ ವರ್ಣ ಹಿತ್ತಲ ಬಾಗಿಲಿನಿಂದ ಅನುಭವವಾಗಿ ಮರಳಿ ಬರುತ್ತದೆ. ನನ್ನ ಮಟ್ಟಿಗೆ ವರ್ಣ ಲಿಂಗಗಳನ್ನು ಗಣಿಸಬೇಕಾದ ರೀತಿ ಇದು. ಅವು ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಆದರೆ ಒಬ್ಬರು ಏನನ್ನು ಕಂಡಿದ್ದಾರೆ, ಯಾವ ಬಾಗಿಲಲ್ಲಿ ಎಷ್ಟು ಹೊತ್ತು ಕಾದಿದ್ದಾರೆ ಎಂಬುದಕ್ಕೆ ಸಾಕ್ಷಿ. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. ಅದನ್ನೇ ತೀರ್ಪೆಂದು ಭಾವಿಸುವುದೂ ನ್ಯಾಯವಲ್ಲ.

ಕಂಡದ್ದನ್ನು ಮರೆಯುವವರೂ ಇದ್ದಾರೆಂಬುದನ್ನು ಒಪ್ಪಬೇಕು. ನಮ್ಮ ಏಷ್ಯದ ಈ ಭಾಗದಲ್ಲಿ 1960ರಷ್ಟು ಹಿಂದೆಯೇ ಸಿರಿಮಾವೋ ಬಂಡಾರನಾಯಿಕೆ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. 1966ರಲ್ಲಿ ಇಂದಿರಾ ಗಾಂಧಿ, 1988ರಲ್ಲಿ ಬೆನಜೀರ್ ಭುಟ್ಟೊ ಬಂದರು. 1978ರ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಅವರ ಪರವಾಗಿಯೂ ವಿರೋಧವಾಗಿಯೂ ವಾದ ಹೊತ್ತಿಕೊಂಡದ್ದು ತುರ್ತುಪರಿಸ್ಥಿತಿಯ ಮಾತಿಗೆ, ಹೆಂಗಸೆಂಬ ಮಾತಿಗಲ್ಲ. ಹಾಗಾದರೆ ನಾವು ಅಮೆರಿಕಕ್ಕಿಂತ ಮುಂದೆಂದು ಬೀಗಬಹುದೆ? ಈ ಮೂವರಲ್ಲಿ ಒಬ್ಬರು ಪ್ರಧಾನಿಯ ವಿಧವೆ, ಇಬ್ಬರು ಪ್ರಧಾನಿಗಳ ಪುತ್ರಿಯರು. ಇಲ್ಲಿ ವಂಶವು ಲಿಂಗವನ್ನು ಗೆದ್ದಿತೇ ಹೊರತು ಯೋಗ್ಯತೆ ಗೆದ್ದಿತೆಂದು ನಿಸ್ಸಂದೇಹವಾಗಿ ಹೇಳಲಾಗದು. ಕೂಲಿಯ ಮಗಳು ಶರ್ಲಿ ಚಿಸಮ್ಮಳಿಗೆ ಅಂಥ ನೆರಳು ಇರಲಿಲ್ಲ.

ನಮ್ಮ ರಾಷ್ಟ್ರಪತಿ ಪದವಿಯದು ಬೇರೆ ಕಥೆ. ಅದಕ್ಕೆ ಆಳುವ ಅಧಿಕಾರ ಕಡಮೆ. ಆರಿಸುವವರು ಸಂಸದರು ಮತ್ತು ಶಾಸಕರು. 2017ರಲ್ಲಿ ರಾಮನಾಥ ಕೋವಿಂದ್ ಮತ್ತು ಮೀರಾ ಕುಮಾರ್ ಎದುರುಬದುರಾದಾಗ ಪತ್ರಿಕೆಗಳೆಲ್ಲ ದಲಿತರ ವಿರುದ್ಧ ದಲಿತರು ಎಂದು ಬರೆದವು. ಒಬ್ಬರು ವಕೀಲರು, ರಾಜ್ಯಪಾಲರಾಗಿದ್ದವರು. ಇನ್ನೊಬ್ಬರು ವಿದೇಶಾಂಗ ಸೇವೆಯಲ್ಲಿದ್ದು ಲೋಕಸಭೆಯ ಸಭಾಧ್ಯಕ್ಷರಾಗಿದ್ದವರು. ಹಿಂದೆ ಮೇಲ್ಜಾತಿಯವರು ಸ್ಪರ್ಧಿಸಿದಾಗ ಅವರ ಜಾತಿಯ ಚರ್ಚೆ ನಡೆಯಲಿಲ್ಲವಲ್ಲ ಎಂದು ಮೀರಾ ಕುಮಾರ್ ಕೇಳಿದರು. 2022ರಲ್ಲಿ ಒಡಿಶಾದ ಸಂತಾಲ ಮನೆತನದ ದ್ರೌಪದಿ ಮುರ್ಮು ಅವರು ಆ ಪದವಿಗೆ ಬಂದ ಮೊದಲ ಆದಿವಾಸಿಯಾದರು. ಅವರೂ ಉಪಾಧ್ಯಾಯಿನಿಯಾಗಿದ್ದವರು. ಅವರು ಬಂದ ಕೆಲವೇ ದಿನಗಳಲ್ಲಿ ಸಂಸದರೊಬ್ಬರ ಬಾಯಲ್ಲಿ ‘ರಾಷ್ಟ್ರಪತ್ನಿ’ ಎಂಬ ಮಾತು ಬಂದು ಗಲಭೆಯಾಯಿತು. ಆ ಸಂಸದರು ಕ್ಷಮೆ ಬೇಡಿದರು. ‘ಪತಿ’ ಎಂಬುದಕ್ಕೆ ಒಡೆಯ, ಪಾಲಿಸುವವ ಎಂಬ ಅರ್ಥವುಂಟು. ಸಭಾಪತಿ, ಸೇನಾಪತಿಗಳಲ್ಲಿ ಇರುವುದು ಆ ಅರ್ಥವೇ. ಮದುವೆಯ ಚಪ್ಪರದ ಅರ್ಥವನ್ನು ರಾಜ್ಯಾಂಗದೊಳಕ್ಕೆ ಎಳೆದು ತರಲು ಒಬ್ಬ ಹೆಂಗಸು ಆ ಪೀಠದಲ್ಲಿ ಕೂರಬೇಕಾಯಿತು.

ಅಮೆರಿಕದ ಮುಂದಿನ ಕಥೆಯನ್ನು ಎಲ್ಲರೂ ಬಲ್ಲರು. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದೂ ಚುನಾಯಕ ಮಂಡಲಿಯಲ್ಲಿ ಸೋತರು. 2024ರಲ್ಲಿ ಕಮಲಾ ಹ್ಯಾರಿಸ್ 226ಕ್ಕೆ ನಿಂತರು. ಡೊನಾಲ್ಡ್ ಟ್ರಂಪ್ 312 ಪಡೆದರು. ತಾಯಿ ಮದರಾಸಿನಿಂದ ಹೋದ ವಿಜ್ಞಾನಿ, ತಂದೆ ಜಮೈಕಾದ ಅರ್ಥಶಾಸ್ತ್ರಜ್ಞರಾದ್ದರಿಂದ, ಆಕೆ ನಿಜವಾಗಿ ಕಪ್ಪು ಜನಾಂಗದವರೋ ಭಾರತೀಯರೋ ಎಂಬ ಪ್ರಶ್ನೆಯನ್ನು ಎದುರಾಳಿ ಸಾರ್ವಜನಿಕ ಸಭೆಯಲ್ಲಿಯೇ ಎತ್ತಿದ್ದರು. ತಮಿಳುನಾಡಿನ ತುಳಸೇಂದ್ರಪುರದವರು ಆಕೆಗಾಗಿ ದೇವರಿಗೆ ಪೂಜೆ ಸಲ್ಲಿಸಿದರು. ಇಬ್ಬರೂ ಸೋತದ್ದು ಹೆಂಗಸರೆಂಬ ಕಾರಣಕ್ಕೇ ಎನ್ನುವುದು ಸುಲಭ; ಅದಕ್ಕಲ್ಲವೇ ಅಲ್ಲ ಎನ್ನುವುದೂ ಅಷ್ಟೇ ಸುಲಭ. ಬೆಲೆಯೇರಿಕೆ, ವಲಸೆ, ಯುದ್ಧ ಎಲ್ಲವೂ ಆ ತಕ್ಕಡಿಯಲ್ಲಿದ್ದವು.

1972ರ ಕಥೆಯಲ್ಲಿ ಒಂದು ಸಂಗತಿಯನ್ನು ಹೇಳದೆ ಉಳಿಸಿದ್ದೇನೆ. ಆ ವರ್ಷ ಚಿಸಮ್ಮಳ ಪ್ರತಿಸ್ಪರ್ಧಿಗಳಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಒಬ್ಬ. ಕಪ್ಪು ಬಿಳಿಯರು ಎಂದೆಂದಿಗೂ ಬೇರೆಬೇರೆಯಾಗಿಯೇ ಇರಬೇಕೆಂದು 1963ರಲ್ಲಿ ಅಧಿಕಾರ ಸ್ವೀಕರಿಸುವಾಗ ಸಾರಿದವನು. ಮೇ 15ರಂದು ಮೇರಿಲೆಂಡಿನಲ್ಲಿ ಅವನ ಮೇಲೆ ಗುಂಡು ಹಾರಿತು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಚಿಸಮ್ ಆಸ್ಪತ್ರೆಗೆ ಹೋಗಿ ಅವನನ್ನು ನೋಡಿದಳು. ಆಕೆಯ ಸ್ವಂತ ಜನವೇ ಸಿಟ್ಟಾದರು, ಆಕೆ ಲಕ್ಷಿಸಲಿಲ್ಲ. ಎರಡು ವರ್ಷ ಕಳೆದು, ಮನೆಗೆಲಸದವರಿಗೂ ಕನಿಷ್ಠ ಕೂಲಿಯ ಕಾಯಿದೆ ಅನ್ವಯಿಸಬೇಕೆಂದು ಆಕೆ ಹೋರಾಡುತ್ತಿದ್ದಾಗ ದಕ್ಷಿಣದ ಪ್ರತಿನಿಧಿಗಳ ಮತಗಳು ಬೇಕಾದವು. ವಾಲೆಸ್ ಅವರಲ್ಲಿ ಕೆಲವರಿಗೆ ಹೇಳಿ ಒಪ್ಪಿಸಿದನೆಂದು ಚಿಸಮ್ಮಳೇ ಹೇಳಿದ್ದಾಳೆ. 1974ರಲ್ಲಿ ತಿದ್ದುಪಡಿ ಅಂಗೀಕಾರವಾಯಿತು. ಪರರ ಮನೆಯ ನೆಲ ಒರಸಿ, ಪಾತ್ರೆ ತೊಳೆದು ಬದುಕುತ್ತಿದ್ದ ಹೆಂಗಸರಿಗೆ, ಅವರಲ್ಲಿ ಕಪ್ಪು ಹೆಂಗಸರು ಬಹುಮಂದಿ, ಗಂಟೆಗೆ ಇಷ್ಟೆಂದು ಕಾನೂನು ಗೊತ್ತುಮಾಡಿದ ಕೂಲಿ ಮೊದಲ ಸಲ ಸಿಕ್ಕಿತು. ಬ್ರೂಕ್ಲಿನ್ನಿನಲ್ಲಿ ಚಿಸಮ್ಮಳ ತಾಯಿ ಮಾಡಿದ್ದ ಕೆಲಸವೂ ಅದೇ.